ಇನ್, ಆನ್, ಆ್ಯಟ್: ಇಂಗ್ಲಿಷ್‌ನಲ್ಲಿ ಜಾಗ ಹೇಳುವ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವವರು, ಇಂಗ್ಲಿಷ್‌ನಲ್ಲಿ ಅರ್ಜಿ ಬರೆಯಬೇಕಾದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ, ಬಾಯಿಬಿಟ್ಟು ಓದಿ.

ಕನ್ನಡದಲ್ಲಿ ‘ಅಲ್ಲಿ’ ಒಂದೇ ಸಾಕು. ಇಂಗ್ಲಿಷಿಗೆ ಮೂರು ಯಾಕೆ?

ನಮ್ಮ ಸಪ್ತಮಿ ವಿಭಕ್ತಿ ಜಾಗ ಯಾವುದು ಅಂತ ಹೇಳಿ ಸುಮ್ಮನಾಗುತ್ತದೆ. ಡಬ್ಬಿಯಲ್ಲಿ ಬೇಳೆ, ರಸ್ತೆಯಲ್ಲಿ ಅಂಗಡಿ, ಗೇಟಿನಲ್ಲಿ ವಾಚ್‌ಮನ್: ಮೂರಕ್ಕೂ ಅದೇ ‘ಅಲ್ಲಿ’. ನಮ್ಮ ಕಡೆಯ ಮಾತಿನಲ್ಲಿ ಅದು ‘ಡಬ್ಬ್ಯಾಗ’, ‘ರಸ್ತ್ಯಾಗ’, ‘ಗೇಟಿನಾಗ’ ಆಗುತ್ತದೆ, ಅಷ್ಟೇ ವ್ಯತ್ಯಾಸ. ಇಂಗ್ಲಿಷ್ ಅಷ್ಟಕ್ಕೆ ಬಿಡುವುದಿಲ್ಲ. ಮಾತಾಡುವವರು ಆ ಜಾಗವನ್ನು ಹೇಗೆ ನೋಡುತ್ತಿದ್ದಾರೆ ಅನ್ನುವುದನ್ನೂ ಕೇಳುತ್ತದೆ. ಡಬ್ಬಿಯ ಹಾಗೆ ಸುತ್ತುವರಿದ ಜಾಗವಾದರೆ ‘ಇನ್’. ಹಲಗೆಯ ಹಾಗೆ ಹರವು, ಇಲ್ಲವೇ ದಾರದ ಹಾಗೆ ಗೆರೆಯಾದರೆ ‘ಆನ್’. ನಕಾಶೆಯ ಮೇಲಿನ ಚುಕ್ಕೆಯಾದರೆ ‘ಆ್ಯಟ್’.

ಕಲಬುರಗಿ ಕೋಟೆಯೊಂದರಲ್ಲೇ ಮೂರನ್ನೂ ನೋಡಬಹುದು. ಗೆಳೆಯರು ಕೋಟೆಯಲ್ಲಿ ಸಿಕ್ಕರು ಅಂದಾಗ ಅದು ಸೇರುವ ಗುರುತು ಮಾತ್ರ: ‘ವಿ ಮೆಟ್ ಆ್ಯಟ್ ದ ಫೋರ್ಟ್’. 1367ರ ಜಾಮಾ ಮಸೀದಿ ಕೋಟೆಯ ಗೋಡೆಗಳ ಒಳಗಿದೆ: ‘ದ ಮಾಸ್ಕ್ ಈಸ್ ಇನ್ ದ ಫೋರ್ಟ್’. ತೋಪು ಬುರುಜಿನ ನೆತ್ತಿಗೆ ಕೂತಿದೆ: ‘ದ ಕ್ಯಾನನ್ ಈಸ್ ಆನ್ ದ ಬ್ಯಾಸ್ಚನ್’. ಇದರಿಂದ ಒಂದು ಗೊತ್ತಾಗುತ್ತದೆ. ‘ಕೋಟೆಗೆ ಯಾವ ಪ್ರೆಪೊಸಿಷನ್?’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ವಾಕ್ಯದಲ್ಲಿ ಕೋಟೆ ಡಬ್ಬಿಯೋ, ಹಲಗೆಯೋ, ಚುಕ್ಕೆಯೋ ಅಂತ ಕೇಳಬೇಕು.

‘ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಆ್ಯಟ್’ ಅಂತ ಶಾಲೆಯಲ್ಲಿ ಕಲಿತದ್ದು ಸರಿಯೇ?

ಅರ್ಧ ಸರಿ, ಆದರೆ ಆ ಅರ್ಧವೇ ತುಂಬಾ ಜನರ ದಾರಿ ತಪ್ಪಿಸಿದೆ. ಊರಿನ ಅಳತೆಗೆ ಇಲ್ಲಿ ಕೆಲಸವಿಲ್ಲ. ನೂರು ಮನೆಯ ಹಳ್ಳಿಯಲ್ಲಿ ವಾಸವಿದ್ದರೂ ‘ಐ ಲಿವ್ ಇನ್ ಎ ವಿಲೇಜ್’ ಅಂತಲೇ ಹೇಳಬೇಕು, ಯಾಕೆಂದರೆ ಅಲ್ಲಿ ಬದುಕು ಊರೊಳಗೆ ನಡೆಯುತ್ತದೆ. ಅದೇ ರೈಲಿಗೆ ಪುಣೆಯಂಥ ಮಹಾನಗರವೂ ಒಂದು ನಿಲುಗಡೆ: ‘ದ ಟ್ರೇನ್ ಸ್ಟಾಪ್ಸ್ ಆ್ಯಟ್ ಪುಣೆ’. ಹೈದರಾಬಾದಿನ ಹಳಿ ಕವಲೊಡೆಯುವ ವಾಡಿಯಲ್ಲಿ ಗಾಡಿ ಬದಲಿಸುವವರು ‘ವಿ ಚೇಂಜ್ ಟ್ರೇನ್ಸ್ ಆ್ಯಟ್ ವಾಡಿ’ ಅನ್ನುತ್ತಾರೆ. ವಾಡಿಯಲ್ಲಿ ಮನೆ ಇದ್ದವರು ‘ಐ ಲಿವ್ ಇನ್ ವಾಡಿ’ ಅನ್ನುತ್ತಾರೆ. ಊರು ಅದೇ, ನೋಟ ಬೇರೆ.

‘ಅರೈವ್’ ಪದಕ್ಕೂ ಇದೇ ಲೆಕ್ಕ. ಊರಿಗೆ, ದೇಶಕ್ಕೆ ‘ಅರೈವ್ ಇನ್’. ಸ್ಟೇಷನ್, ಕಟ್ಟಡ, ಮದುವೆ ಮಂಟಪಕ್ಕೆ ‘ಅರೈವ್ ಆ್ಯಟ್’. ‘ಬೀದರ್‌ಗೆ ಬಂದೆ’ ಅನ್ನುವುದರ ‘ಗೆ’ ತಲೆಯಲ್ಲಿ ಕೂತಿರುವುದರಿಂದ ನಮ್ಮವರು ‘ಅರೈವ್ಡ್ ಟು ಬೀದರ್’ ಬರೆಯುತ್ತಾರೆ. ಅದು ತಪ್ಪು.

ವಿಳಾಸ ಹೇಳುವಾಗ ಯಾವುದು ಎಲ್ಲಿ?

ಮನೆ ನಂಬರ್ ಅಥವಾ ಕಟ್ಟಡದ ಹೆಸರಿಗೆ ‘ಆ್ಯಟ್’. ಮಹಡಿಗೆ ‘ಆನ್’. ರೋಡಿಗೆ ‘ಆನ್’: ‘ಆನ್ ಸೇಡಂ ರೋಡ್’, ‘ಆನ್ ಸ್ಟೇಷನ್ ರೋಡ್’. ಕಾಲೊನಿ, ಲೇಔಟ್, ಗಲ್ಲಿ, ಊರು, ತಾಲೂಕು, ಜಿಲ್ಲೆ, ರಾಜ್ಯ ಎಲ್ಲಕ್ಕೂ ‘ಇನ್’. ಸರ್ಕಲ್ಲಿಗೆ ಸಾಮಾನ್ಯವಾಗಿ ‘ಆ್ಯಟ್’: ‘ಮೀಟ್ ಮಿ ಆ್ಯಟ್ ಜಗತ್ ಸರ್ಕಲ್’.

ನಂಬರ್ ಮತ್ತು ರೋಡ್ ಒಟ್ಟಿಗೆ ಬಂದರೆ ನಂಬರಿನದೇ ನಡೆಯುತ್ತದೆ. ‘ಐ ಲಿವ್ ಆನ್ ಸೇಡಂ ರೋಡ್’ ಸರಿ. ನಂಬರ್ ಸೇರಿಸಿದ ಕೂಡಲೇ ‘ಐ ಲಿವ್ ಆ್ಯಟ್ 12, ಸೇಡಂ ರೋಡ್’. ‘ಸ್ಟ್ರೀಟ್’ ಪದ ಬಂದಾಗ ಬ್ರಿಟನ್ನಿನವರು ‘ಇನ್ ದ ಸ್ಟ್ರೀಟ್’, ಅಮೆರಿಕದವರು ‘ಆನ್ ದ ಸ್ಟ್ರೀಟ್’ ಅನ್ನುತ್ತಾರೆ. ಎರಡೂ ನಡೆಯುತ್ತದೆ, ಒಂದೇ ಪತ್ರದಲ್ಲಿ ಬೆರೆಸಬೇಡಿ.

ಮಹಡಿಯ ವಿಷಯದಲ್ಲಿ ಎಚ್ಚರ. ನಮ್ಮಲ್ಲಿ ಮತ್ತು ಬ್ರಿಟನ್ನಿನಲ್ಲಿ ‘ಆನ್ ದ ಫಸ್ಟ್ ಫ್ಲೋರ್’ ಅಂದರೆ ಒಂದು ಮೆಟ್ಟಿಲು ಸಾಲು ಹತ್ತಿದ ಮೇಲಿನದು. ಅಮೆರಿಕದಲ್ಲಿ ಅದೇ ಮಾತಿಗೆ ನೆಲಮಟ್ಟ ಅಂತ ಅರ್ಥ.

ನಮ್ಮ ಅರ್ಜಿಗಳಲ್ಲಿ ಊರು, ತಾಲೂಕು, ಜಿಲ್ಲೆ ಅಂತ ಮೂರು ಖಾನೆ ತುಂಬಿ ರೂಢಿಯಾಗಿರುತ್ತದೆ. ಸಂದರ್ಶನದಲ್ಲಿ ಅದನ್ನೇ ಬಾಯಲ್ಲಿ ಹೇಳಲು ಹೋಗಿ ‘ಇನ್, ಇನ್, ಇನ್’ ಅಂತ ಮೂರು ಸಲ ಬರುತ್ತದೆ. ಒಂದು ಸಾಕು, ಮುಂದಿನದಕ್ಕೆ ಅಲ್ಪವಿರಾಮ: ‘ಐ ಆ್ಯಮ್ ಫ್ರಮ್ ಎ ವಿಲೇಜ್ ಇನ್ ಆಳಂದ ತಾಲೂಕ್, ಕಲಬುರಗಿ ಡಿಸ್ಟ್ರಿಕ್ಟ್’. ಚಿಕ್ಕದರಿಂದ ದೊಡ್ಡದಕ್ಕೆ ಹೋಗಬೇಕು. ಕನ್ನಡದಲ್ಲಿ ‘ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಒಂದು ಹಳ್ಳಿ’ ಅಂತ ದೊಡ್ಡದರಿಂದ ಇಳಿಯುತ್ತೇವೆ. ಇಂಗ್ಲಿಷ್‌ನಲ್ಲಿ ಅದು ತಲೆಕೆಳಗು.

ಬಸ್ಸಿಗೆ ‘ಆನ್’, ಆಟೋಗೆ ‘ಇನ್’. ಇದೇನು ನ್ಯಾಯ?

ಬಸ್ಸಿನ ಮಾಡಿನ ಮೇಲೆ ಕೂತಂತೆ ಅನ್ನಿಸಿ ಎಲ್ಲರೂ ನಗುವ ಜಾಗ ಇದು. ಒರೆ ಹಚ್ಚಿ ನೋಡಲು ಒಂದು ಉಪಾಯವಿದೆ: ಒಳಗೆ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಬಹುದೇ? ನಡೆಯಬಹುದಾದರೆ ‘ಆನ್’: ಬಸ್, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ಹೊಕ್ಕು ಕೂತಲ್ಲೇ ಕೂಡಬೇಕಾದರೆ ‘ಇನ್’: ಕಾರು, ಜೀಪು, ಆಟೋ, ಟಂಟಂ. ಕೃಷ್ಣೆಯ ಹರಿಗೋಲಿಗೂ ‘ಇನ್’. ಅದರಲ್ಲಿ ಎದ್ದು ನಡೆಯಲು ಹೋದರೆ ಏನಾಗುತ್ತದೆ ಅಂತ ಅಂಬಿಗರನ್ನು ಕೇಳಿ. ಎರಡೂ ಬದಿಗೆ ಕಾಲು ಹಾಕಿ ಸವಾರಿ ಮಾಡುವ ಬೈಕು, ಸೈಕಲ್ಲು, ಕುದುರೆಗೆ ‘ಆನ್’. ಟ್ರ್ಯಾಕ್ಟರ್ ಓಡಿಸುವವರು ‘ಆನ್ ದ ಟ್ರ್ಯಾಕ್ಟರ್’, ಹಿಂದಿನ ಟ್ರಾಲಿಯಲ್ಲಿ ಕೂತವರು ‘ಇನ್ ದ ಟ್ರೇಲರ್’.

ಏರುವ ಇಳಿಯುವ ಕ್ರಿಯಾಪದಗಳೂ ಈ ಗುಂಪಿನ ಬೆನ್ನಿಗೇ ಬರುತ್ತವೆ. ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಕಂಡಕ್ಟರ್ ಹೇಳುವ ‘ಗೆಟ್ ಡೌನ್’ ನಮ್ಮ ದೇಶದಲ್ಲಿ ಎಲ್ಲರಿಗೂ ತಿಳಿಯುತ್ತದೆ, ಆದರೆ ಬರವಣಿಗೆಯ ಪರೀಕ್ಷೆಯಲ್ಲಿ ‘ಗೆಟ್ ಆಫ್’ ಬರೆಯಿರಿ.

‘ಬೈ’ ಬಳಸಿದರೆ ಮುಂದೆ ‘ದ’, ‘ಮೈ’, ‘ಎ’ ಏನೂ ಬರಬಾರದು: ‘ಬೈ ಬಸ್’, ‘ಬೈ ಟ್ರೇನ್’. ‘ಹಿ ಈಸ್ ಬೈ ದ ಬಸ್’ ಅಂದರೆ ಬಸ್ಸಿನ ಪಕ್ಕ ನಿಂತಿದ್ದಾನೆ ಅಂತಾಗುತ್ತದೆ. ‘ಬೈ ಮೈ ಕಾರ್’ ಅಲ್ಲ, ‘ಇನ್ ಮೈ ಕಾರ್’.

‘ಇನ್ ದ ಬಸ್’ ತಪ್ಪೇ ಅಂತ ಕೇಳುವವರಿದ್ದಾರೆ. ಡಿಪೋದಲ್ಲಿ ನಿಂತ ಬಸ್ಸಿನೊಳಗೆ ಕೊಡೆ ಉಳಿದಿದ್ದರೆ ‘ಇನ್ ದ ಬಸ್’ ಅನ್ನಲಡ್ಡಿಯಿಲ್ಲ, ಅಲ್ಲಿ ಬಸ್ಸು ಬರೀ ಡಬ್ಬಿ. ಪ್ರಯಾಣದ ಮಾತಾದರೆ ‘ಆನ್’.

ಸ್ಟೇಷನ್ನಿನಿಂದ ಫೋನ್ ಮಾಡಿ ‘ಎಲ್ಲಿದ್ದೀನಿ’ ಅಂತ ಹೇಳುವುದು ಹೇಗೆ?

ಹೊರಗಿನವರಿಗೆ ಹೇಳುವಾಗ ‘ಐ ಆ್ಯಮ್ ಆ್ಯಟ್ ದ ಸ್ಟೇಷನ್’. ಅಲ್ಲಿಗೇ ಬಂದು ಹುಡುಕುವವರಿಗೆ ಇನ್ನಷ್ಟು ಬೇಕು: ‘ಆ್ಯಟ್ ದ ಟಿಕೆಟ್ ಕೌಂಟರ್’, ‘ಇನ್ ದ ಕ್ಯೂ’, ‘ಇನ್ ದ ವೇಟಿಂಗ್ ರೂಮ್’, ‘ಆನ್ ಪ್ಲಾಟ್‌ಫಾರ್ಮ್ 2’, ‘ಆನ್ ಎ ಬೆಂಚ್’. ಪ್ಲಾಟ್‌ಫಾರ್ಮಿಗೆ ‘ಇನ್’ ಹಾಕುವುದು ನಮ್ಮಲ್ಲಿ ಬಹಳ ಕೇಳಿಬರುವ ತಪ್ಪು. ಅದು ಬಯಲ ಕಟ್ಟೆ, ಡಬ್ಬಿಯಲ್ಲ. ಬಸ್ ಸ್ಟ್ಯಾಂಡಿಗೂ ‘ಆ್ಯಟ್’.

ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯ, ಹೊಲ, ಮಾರ್ಕೆಟ್ಟು?

ಸಂಸ್ಥೆಗೆ ‘ಆ್ಯಟ್’, ಅದರೊಳಗಿನ ವಿಭಾಗಕ್ಕೆ ‘ಇನ್’. ಆಳಂದ ತಾಲೂಕಿನ ಕಡಗಂಚಿಯಲ್ಲಿ ಓದುವವರು ಹೀಗೆ ಬರೆಯಬೇಕು: ‘ಐ ಸ್ಟಡಿ ಇನ್ ದ ಇಂಗ್ಲಿಷ್ ಡಿಪಾರ್ಟ್‌ಮೆಂಟ್ ಆ್ಯಟ್ ದ ಸೆಂಟ್ರಲ್ ಯೂನಿವರ್ಸಿಟಿ ಆಫ್ ಕರ್ನಾಟಕ’. ತರಗತಿಗೆ ‘ಇನ್’: ‘ಇನ್ ಟೆಂತ್ ಸ್ಟ್ಯಾಂಡರ್ಡ್’.

ಆಸ್ಪತ್ರೆಯಲ್ಲಿ ರೋಗಿಯೋ ನೋಡಲು ಹೋದವರೋ ಅನ್ನುವುದು ಪದದಿಂದಲೇ ಗೊತ್ತಾಗುತ್ತದೆ. ‘ಮೈ ಫಾದರ್ ಈಸ್ ಇನ್ ಹಾಸ್ಪಿಟಲ್’ ಅಂದರೆ ದಾಖಲಾಗಿದ್ದಾರೆ. ‘ಮೈ ಫಾದರ್ ಈಸ್ ಆ್ಯಟ್ ದ ಹಾಸ್ಪಿಟಲ್’ ಅಂದರೆ ಯಾರನ್ನೋ ಕಾಣಲು ಹೋಗಿರಬಹುದು, ಅಲ್ಲೇ ಕೆಲಸವೂ ಇರಬಹುದು. ರಜೆ ಅರ್ಜಿಯಲ್ಲಿ ಇದು ತಿರುಗುಮುರುಗಾದರೆ ಕಾರಣವೇ ಸಡಿಲವಾಗುತ್ತದೆ. ದಾಖಲಾದದ್ದನ್ನು ‘ಅಡ್ಮಿಟೆಡ್ ಟು ಹಾಸ್ಪಿಟಲ್’ ಅನ್ನಿ. ‘ಅಡ್ಮಿಟೆಡ್ ಇನ್’ ನಮ್ಮ ‘ಆಸ್ಪತ್ರೆಯಲ್ಲಿ ಅಡ್ಮಿಟ್’ ಅನ್ನುವ ಮಾತಿನ ನೆರಳು.

ಹೊಲದ್ದು ಸ್ವಾರಸ್ಯದ ವಿಷಯ. ತೊಗರಿ ಬೆಳೆದ ಹೊಲದಲ್ಲಿ ಕೆಲಸ ಮಾಡುವವರು ‘ಇನ್ ದ ಫೀಲ್ಡ್’. ಕ್ರಿಕೆಟ್ ಮೈದಾನದಲ್ಲಿ ಆಡುವವರು ‘ಆನ್ ದ ಫೀಲ್ಡ್’. ಬೆಳೆಯ ನಡುವೆ ಮನುಷ್ಯ ಮುಳುಗಿರುತ್ತಾನೆ, ಮೈದಾನ ಬರೀ ಹರವು. ಹೊಲ, ಕೊಟ್ಟಿಗೆ, ಬಾವಿ ಎಲ್ಲ ಸೇರಿದ ಜಮೀನಿಗೆ ‘ಆನ್ ದ ಫಾರ್ಮ್’.

ದಾಲ್ ಮಿಲ್ಲಿನಲ್ಲಿ ಕೆಲಸವಿದ್ದರೆ ‘ಆ್ಯಟ್ ಎ ದಾಲ್ ಮಿಲ್’, ‘ಇನ್ ಎ ದಾಲ್ ಮಿಲ್’ ಎರಡೂ ಸರಿ. ಮಾರ್ಕೆಟ್ಟಿನಲ್ಲಿ ಯಾರನ್ನೋ ಕಂಡರೆ ‘ಆ್ಯಟ್’ ಅಥವಾ ‘ಇನ್’. ‘ಆನ್ ದ ಮಾರ್ಕೆಟ್’ ಮಾತ್ರ ಬೇರೆಯೇ: ಮಾರಾಟಕ್ಕೆ ಬಂದಿದೆ ಅಂತ.

ಗೋಡೆ, ಮರ, ಮೂಲೆ: ಇಲ್ಲಿ ಎರಡೆರಡು ಬರುತ್ತವಲ್ಲ?

ಬರುತ್ತವೆ, ಅರ್ಥವೂ ಬದಲಾಗುತ್ತದೆ. ಗೋಡೆಯ ಮೈಗೆ ಅಂಟಿದ ಕ್ಯಾಲೆಂಡರ್, ಹಲ್ಲಿ, ಬಣ್ಣ ‘ಆನ್ ದ ವಾಲ್’. ಗೋಡೆಯನ್ನು ಕೊರೆದು ಕೂತದ್ದು ‘ಇನ್ ದ ವಾಲ್’: ಕಿಟಕಿ, ಗೂಡು, ಬಿರುಕು, ಮೊಳೆ. ಶಹಾಬಾದ್ ಕಲ್ಲಿನ ಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ದೀಪದ ಗೂಡು ‘ಇನ್ ದ ವಾಲ್’, ಅದರ ಪಕ್ಕದ ಕನ್ನಡಿ ‘ಆನ್ ದ ವಾಲ್’, ಕನ್ನಡಿ ತೂಗಿದ ಮೊಳೆ ಮತ್ತೆ ‘ಇನ್ ದ ವಾಲ್’.

ಮರದಲ್ಲಿ ಬೆಳೆದದ್ದು ‘ಆನ್ ದ ಟ್ರೀ’: ಎಲೆ, ಹೂ, ಮಾವಿನಕಾಯಿ. ಹೊರಗಿನಿಂದ ಬಂದು ಕೊಂಬೆಗಳ ನಡುವೆ ಸೇರಿಕೊಂಡದ್ದು ‘ಇನ್ ದ ಟ್ರೀ’: ಗಿಳಿ, ಕೋತಿ, ಸಿಕ್ಕಿಬಿದ್ದ ಗಾಳಿಪಟ. ‘ಮರದ ಮೇಲೆ ಹಕ್ಕಿ’ ಅನ್ನುವ ನಮ್ಮ ಮಾತಿನಿಂದಾಗಿ ‘ಬರ್ಡ್ ಆನ್ ದ ಟ್ರೀ’ ಬರುತ್ತದೆ. ಒಂದೇ ಕೊಂಬೆಯನ್ನು ಹೆಸರಿಸಿದರೆ ಮಾತ್ರ ‘ಆನ್ ದ ಬ್ರಾಂಚ್’.

ಕೋಣೆಯ ಮೂಲೆ ನಮ್ಮನ್ನು ಒಳಗಿನಿಂದ ಸುತ್ತುತ್ತದೆ, ‘ಇನ್ ದ ಕಾರ್ನರ್’. ರಸ್ತೆಯ ತಿರುವನ್ನು ಹೊರಗಿನಿಂದ ನೋಡುತ್ತೇವೆ, ‘ಆ್ಯಟ್ ದ ಕಾರ್ನರ್’ ಅಥವಾ ‘ಆನ್ ದ ಕಾರ್ನರ್’. ಬೇಸಿಗೆಯಲ್ಲಿ ಮಾಳಿಗಿ ಮ್ಯಾಲ ಮಲಗಿದರೆ ‘ಆನ್ ದ ಟೆರೇಸ್’. ಅಂಗಳ ‘ಇನ್ ದ ಕೋರ್ಟ್‌ಯಾರ್ಡ್’.

‘ಮೇಲೆ’ ಅನ್ನುವುದಕ್ಕೆ ಆನ್, ಓವರ್, ಅಬೌ ಇವೆಯಲ್ಲ?

ತಾಗಿದ್ದರೆ ‘ಆನ್’. ತಾಗದೆ ನೇರ ಮೇಲಿದ್ದರೆ, ಇಲ್ಲವೇ ದಾಟಿ ಹೋಗುವಂತಿದ್ದರೆ ‘ಓವರ್’. ಮಟ್ಟ ಹೆಚ್ಚು ಅನ್ನುವುದಷ್ಟೇ ಮುಖ್ಯವಾದರೆ ‘ಅಬೌ’. ಯಾದಗಿರಿ ಬಳಿ ಭೀಮೆಗೆ ಸೇತುವೆ ಇದೆ: ‘ಎ ಬ್ರಿಜ್ ಓವರ್ ದ ಭೀಮಾ’. ನಾವು ನಿಂತದ್ದು ‘ಆನ್ ದ ಬ್ರಿಜ್’. ಊರಿನ ಎತ್ತರ ಹೇಳುವಾಗ ‘ಅಬೌ ಸೀ ಲೆವೆಲ್’, ಅಲ್ಲಿ ‘ಓವರ್’ ಬರುವುದಿಲ್ಲ. ‘ಕೆಳಗೆ’ ಕೂಡ ಹೀಗೇ: ಬೇವಿನ ಮರದ ಕೆಳಗೆ ‘ಅಂಡರ್’, ಮಟ್ಟಕ್ಕಿಂತ ಕೆಳಗೆ ‘ಬಿಲೋ’.

ಬೀದರಿನ ನರಸಿಂಹ ಝರಣಿಗೆ ಹೋಗಿಬಂದವರಿಗೆ ಒಂದು ಒಳ್ಳೆಯ ಅಭ್ಯಾಸ. ಗುಹೆಯೊಳಗಿನ ದೇವಸ್ಥಾನ ‘ಇನ್ ಎ ಕೇವ್’. ಸುರಂಗದ ಈ ತುದಿಯಿಂದ ಆ ತುದಿಗೆ ನೀರಿನಲ್ಲಿ ನಡೆದದ್ದು ‘ಥ್ರೂ ದ ವಾಟರ್’. ನೀರು ಎದೆಮಟ್ಟ, ‘ಅಪ್ ಟು ಮೈ ಚೆಸ್ಟ್’. ಬಾವಲಿಗಳು ತಲೆಕೆಳಗಾಗಿ ತೂಗುವುದು ‘ಆನ್ ದ ಸೀಲಿಂಗ್’, ಕೆಳಮುಖದ ಮೈಯಾದರೂ ತಾಗಿದೆಯಲ್ಲ. ಅವು ಹಾರಿದಾಗ ‘ಓವರ್ ಅವರ್ ಹೆಡ್ಸ್’.

‘ಎದುರಿಗೆ’, ‘ಬಾಜೂಕ’, ‘ಹತ್ತಿರ’?

‘ಎದುರಿಗೆ’ ಹೆಚ್ಚು ಗೊಂದಲ ಮಾಡುತ್ತದೆ. ನಡುವೆ ರಸ್ತೆಯೋ ಮೇಜೋ ಇದ್ದು ಎರಡೂ ಮುಖಾಮುಖಿಯಾಗಿದ್ದರೆ ‘ಆಪೊಸಿಟ್’. ಅದೇ ಬದಿಯಲ್ಲಿ ಬಾಗಿಲ ಮುಂದೆಯೇ ಇದ್ದರೆ ‘ಇನ್ ಫ್ರಂಟ್ ಆಫ್’. ರಸ್ತೆಯಾಚೆಯ ಹೋಟೆಲು ‘ಆಪೊಸಿಟ್ ದ ಬ್ಯಾಂಕ್’. ಬ್ಯಾಂಕಿನ ಮೆಟ್ಟಿಲ ಬಳಿ ನಿಂತ ಬಂಡಿ ‘ಇನ್ ಫ್ರಂಟ್ ಆಫ್ ದ ಬ್ಯಾಂಕ್’. ಇದನ್ನು ತಪ್ಪಾಗಿ ಹೇಳಿದರೆ ಬಂದವರು ರಸ್ತೆಯ ಬೇರೆ ಬದಿಯಲ್ಲಿ ಹುಡುಕುತ್ತಾರೆ. ಅಂಗಡಿ ಬೋರ್ಡುಗಳ ಮೇಲಿನ ‘ಆಪೊಸಿಟ್ ಟು’ದಲ್ಲಿ ‘ಟು’ ಬೇಡ. ‘ಇನ್’ ಮತ್ತು ‘ಫ್ರಂಟ್’ ಎರಡನ್ನು ಸೇರಿಸಿ ಒಂದೇ ಪದವಾಗಿ ಬರೆಯಬೇಡಿ.

ಬಾಜೂಕ ಇದ್ದರೆ ‘ನೆಕ್ಸ್ಟ್ ಟು’ ಅಥವಾ ‘ಬಿಸೈಡ್’. ‘ಬಿಸೈಡ್ಸ್’ ಅಂದರೆ ‘ಅದಲ್ಲದೆ’, ಒಂದು ಸಕಾರ ಹೆಚ್ಚಾದರೆ ಅಂಗಡಿಯೇ ಜಾಗ ಬಿಟ್ಟು ಹೋಗುತ್ತದೆ. ಹತ್ತಿರಕ್ಕೆ ‘ನಿಯರ್ ದ ಟೆಂಪಲ್’. ‘ನಿಯರ್ ಬೈ ದ ಟೆಂಪಲ್’ ಸಲ್ಲದು.

ನದಿ, ಗಡಿ, ದಿಕ್ಕು?

ನದಿ ದಂಡೆಯ ಊರು ನದಿಯ ‘ಆನ್’: ‘ಗಾಣಗಾಪುರ ಈಸ್ ಆನ್ ದ ಭೀಮಾ’. ಸಂಗಮದಲ್ಲಿ ಸ್ನಾನ ಮಾಡುವವರು ‘ಇನ್ ದ ರಿವರ್’. ನದಿಯ ಹೆಸರಿನ ಹಿಂದೆ ‘ದ’ ಮರೆಯಬೇಡಿ.

ದಿಕ್ಕಿಗೆ ಮೂರು ಬಗೆ. ಒಳಗಿದ್ದರೆ ‘ಇನ್’: ‘ಬೀದರ್ ಈಸ್ ಇನ್ ದ ನಾರ್ತ್ ಆಫ್ ಕರ್ನಾಟಕ’. ಹೊರಗಿದ್ದರೆ ‘ಟು’: ‘ಹೈದರಾಬಾದ್ ಈಸ್ ಟು ದ ಈಸ್ಟ್ ಆಫ್ ಕಲಬುರಗಿ’. ಗಡಿ ಗೆರೆಯ ಮೇಲಿದ್ದರೆ ‘ಆನ್’: ‘ಎ ವಿಲೇಜ್ ಆನ್ ದ ತೆಲಂಗಾಣ ಬಾರ್ಡರ್’. ‘ಹೈದರಾಬಾದ್ ಈಸ್ ಇನ್ ದ ಈಸ್ಟ್ ಆಫ್ ಕಲಬುರಗಿ’ ಅಂತ ಬರೆದರೆ ಚಾರ್‌ಮಿನಾರನ್ನು ನಮ್ಮೂರಿನ ಮೂಡಣ ಬಡಾವಣೆಗೆ ತಂದಂತಾಯಿತು.

ಯಾವುದೂ ಬೇಡದ ಜಾಗಗಳು ಯಾವುವು?

‘ಹಿಯರ್’, ‘ದೇರ್’, ‘ಅಬ್ರಾಡ್’, ‘ಅಪ್‌ಸ್ಟೇರ್ಸ್’, ‘ಔಟ್‌ಸೈಡ್’. ‘ಇನ್ ಅಬ್ರಾಡ್’, ‘ಇನ್ ಔಟ್‌ಸೈಡ್’ ಎರಡೂ ತಪ್ಪು. ‘ಗೋ ಹೋಮ್’ ಸರಿ, ‘ಗೋ ಟು ಹೋಮ್’ ತಪ್ಪು; ಇದ್ದಲ್ಲೇ ಇದ್ದರೆ ‘ಆ್ಯಟ್ ಹೋಮ್’. ಕ್ರಿಯಾಪದಗಳಲ್ಲಿ ‘ರೀಚ್’, ‘ಎಂಟರ್’, ‘ವಿಸಿಟ್’ ತಾವೇ ಜಾಗವನ್ನು ಹಿಡಿಯುತ್ತವೆ: ‘ವಿ ರೀಚ್ಡ್ ಹುಮನಾಬಾದ್’, ‘ಶಿ ಎಂಟರ್ಡ್ ದ ರೂಮ್’, ‘ದೇ ವಿಸಿಟೆಡ್ ದ ದರ್ಗಾ’.

ಪೇಪರ್, ಫೋನ್, ವಾಟ್ಸ್ಆ್ಯಪ್?

ಪುಸ್ತಕ, ಸುದ್ದಿ ಪೇಪರ್, ಫೋಟೋ, ಇಮೇಲ್, ಪ್ಯಾರಾ: ‘ಇನ್’. ಪುಟ, ನಕಾಶೆ, ಟಿವಿ, ಫೋನ್, ಇಂಟರ್‌ನೆಟ್, ವಾಟ್ಸ್ಆ್ಯಪ್: ‘ಆನ್’. ವಾಟ್ಸ್ಆ್ಯಪ್ ಗುಂಪಿಗೆ ‘ಇನ್ ದ ಗ್ರೂಪ್’.

ಮನೆಯಲ್ಲಿ ಉರ್ದು ಅಥವಾ ಮರಾಠಿ ಮಾತಾಡುತ್ತೇವೆ. ಅದರಿಂದ ಉಪಯೋಗವಿದೆಯೇ?

ಒಂದು ಕಡೆ ಇದೆ. ‘ಘರ್ ಪೆ’ ಮತ್ತು ‘ಘರ್ ಮೇ’ ನಡುವಿನ ವ್ಯತ್ಯಾಸ ‘ಆ್ಯಟ್ ಹೋಮ್’ ಮತ್ತು ‘ಇನ್ ದ ಹೌಸ್’ ನಡುವಿನದಕ್ಕೆ ಬಹಳ ಹತ್ತಿರ. ಮರಾಠಿಯ ‘ಘರೀ’, ‘ಘರಾತ್’ ಜೋಡಿಯೂ ಹಾಗೇ. ಕನ್ನಡದ ‘ಮನ್ಯಾಗ’ ಎರಡನ್ನೂ ಒಂದೇ ಮಾಡುತ್ತದೆ. ಆದರೆ ‘ಬಸ್ ಮೇ’ ನಿಮ್ಮನ್ನು ‘ಇನ್ ಬಸ್’ಗೆ ಎಳೆಯುತ್ತದೆ, ಅಲ್ಲಿ ನಂಬಬೇಡಿ.

ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ಮೊದಲು ಏನು ನೋಡಬೇಕು?

ಮೊದಲು ಖಾಲಿ ಜಾಗದ ಹಿಂದಿನ ಕ್ರಿಯಾಪದ. ‘ರೀಚ್’, ‘ಎಂಟರ್’ ಬಗೆಯದಾಗಿದ್ದು ಆಯ್ಕೆಗಳಲ್ಲಿ ‘ಏನೂ ಬೇಡ’ ಅನ್ನುವುದಿದ್ದರೆ ಅದೇ ಉತ್ತರ. ‘ಅರೈವ್’ ಇದ್ದರೆ ‘ಟು’ವನ್ನು ಹೊಡೆದುಹಾಕಿ. ಆಮೇಲೆ ಖಾಲಿ ಜಾಗದ ಮುಂದಿನ ನಾಮಪದ: ನಂಬರ್ ಇದೆಯೇ, ‘ಫ್ಲೋರ್’, ‘ರೋಡ್’, ‘ಪ್ಲಾಟ್‌ಫಾರ್ಮ್’ ಇದೆಯೇ, ಊರಿನ ಹೆಸರೇ? ಇಷ್ಟರಲ್ಲಿ ಹೆಚ್ಚಿನವು ಮುಗಿಯುತ್ತವೆ. ಉಳಿದದ್ದಕ್ಕೆ ಇಡೀ ವಾಕ್ಯ ಓದಿ ಚಿತ್ರ ಕಟ್ಟಿಕೊಳ್ಳಬೇಕು. ‘ದ ಚಿಲ್ಡ್ರನ್ ಆರ್ ಡ್ಯಾಶ್ ದ ಟೆಂಪಲ್’ ಅಂತ ಅಷ್ಟೇ ಕೊಟ್ಟರೆ ‘ಇನ್’, ‘ಆ್ಯಟ್’ ಎರಡೂ ಸರಿಯಾಗುತ್ತವೆ. ಅದೇ ವಾಕ್ಯದ ಬಾಲದಲ್ಲಿ ‘ಬಿಕಾಸ್ ಇಟ್ ಈಸ್ ರೇನಿಂಗ್’ ಅಂತಿದ್ದರೆ ಮಕ್ಕಳು ಮಾಡಿನಡಿ ಸೇರಿದ್ದಾರೆ, ಅಲ್ಲಿಗೆ ‘ಇನ್’ ಹೆಚ್ಚು ಹೊಂದುತ್ತದೆ.